ದಾಖಲೆಯಲ್ಲಿ ಇಲ್ಲದ ನಾಲ್ಕು ನಿಮಿಷ

ಫೆಬ್ರುವರಿ 3, ಬೆಳಿಗ್ಗೆ 8.20

ಬಂದ ಕೂಡಲೇ ಸರ್ವರ್ ರೂಮು. ಎಸಿ ಸರಿ. ಬ್ಯಾಕಪ್ ಸರಿ. ಮೆಮೊರಿ — ನೂರಕ್ಕೆ ತೊಂಬತ್ನಾಲ್ಕು ಭರ್ತಿ. ನಿನ್ನೆಗಿಂತ ಒಂದು ಜಾಸ್ತಿ.

ಆಂಬುಲೆನ್ಸ್ ಕಂಟ್ರೋಲ್ ರೂಮಿನ ಯಂತ್ರಕ್ಕೆ ಇಷ್ಟು ಮೆಮೊರಿ ಸಾಲದು ಎಂದು ಏಳು ತಿಂಗಳಿಂದ ಬರೆಯುತ್ತಿದ್ದೇನೆ. ಇವತ್ತಿನದು ಒಂಬತ್ತನೆಯ ಪತ್ರ. ಬೋರ್ಗಲ್ಲ ಮೇಲೆ ಮಳೆ ಸುರಿದಂತೆ.

ಅಕ್ಕ ಹೆಡ್‌ಫೋನ್ ಕತ್ತಿಗೆ ಹಾಕಿಕೊಂಡೇ ಬಾಗಿಲಲ್ಲಿ ಇಣುಕಿದರು.

"ಏನಪ್ಪಾ, ನಿನ್ನ ಕೂಸು ಇವತ್ತು ಹೇಗಿದೆ? ನಿನ್ನೆ ಎರಡು ಸಲ ಮುಖ ಗಂಟು ಹಾಕ್ಕೊಂಡು ಕೂತಿತ್ತು."

"ಹೊಟ್ಟೆ ತುಂಬಿದೆ ಅಕ್ಕ."

"ಅಯ್ಯೋ, ಹೊಟ್ಟೆ ತುಂಬಿದ್ರೆ ಮನುಷ್ಯರೇ ಕೆಲಸ ಮಾಡಲ್ಲ, ಇದು ಮಾಡುತ್ತಾ?"

ಹಿರಿಯ ಆಪರೇಟರ್. ಇಪ್ಪತ್ತೆರಡು ವರ್ಷ ಅದೇ ಕುರ್ಚಿ. ಎಲ್ಲರಿಗೂ ಅಕ್ಕ. ಫೋನಿನಲ್ಲಿ ಅಳುವವರ ಬಾಯಿಂದ ಮೊದಲು ವಿಳಾಸ ಹೊರಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಫೆಬ್ರುವರಿ 6, ಮಧ್ಯಾಹ್ನ

ಗ್ರಾಫ್ ಸಾಹೇಬರು ಕರೆಸಿದರು. ನಮ್ಮ ನಿರ್ದೇಶಕರು. ಎದುರಿಗೆ ಬಣ್ಣಬಣ್ಣದ ಗೆರೆ ಇಲ್ಲದಿದ್ದರೆ ಅವರಿಗೆ ಯಾವ ಮಾತೂ ಕೇಳಿಸುವುದಿಲ್ಲ, ಅದಕ್ಕೇ ಆ ಹೆಸರು.

ಹೊಸ ರಿಪೋರ್ಟ್ ಪ್ರೋಗ್ರಾಂ ಬಂದಿದೆಯಂತೆ. ಯಾವ ಗಾಡಿ ಎಷ್ಟು ನಿಮಿಷದಲ್ಲಿ ತಲುಪಿತು, ಮೂರು ವರ್ಷದ್ದು, ಗಂಟೆಗೊಮ್ಮೆ. ಅದೇ ಯಂತ್ರದಲ್ಲಿ ಓಡಬೇಕು.

ಹಿಡಿಯುವುದಿಲ್ಲ ಸರ್ ಎಂದೆ.

"ಡಿಸ್ಕಲ್ಲಿ ಬೇಕಾದಷ್ಟು ಜಾಗ ಇದೆಯಲ್ರೀ."

ಇದೆ. ಕಷ್ಟ ಇರುವುದೇ ಅಲ್ಲಿ. ಮೆಮೊರಿಯಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಇಳಿಸು ಎಂದರೆ ಆಪರೇಟಿಂಗ್ ಸಿಸ್ಟಂ ಇಳಿಸುತ್ತದೆ. ಆಗುವುದಿಲ್ಲ ಎಂದು ಅದು ಒಮ್ಮೆಯೂ ಹೇಳುವುದಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

"ಹಿಡಿಸಿ. ನೀವಿರೋದು ಯಾತಕ್ಕೆ?"

ಹಾಗೆ ಇಳಿಸಲು ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗವನ್ನು ನಾಲ್ಕು ಪಟ್ಟು ಮಾಡಿದೆ. ಮೇಲ್ ಹಾಕಿದೆ — "ಸ್ವಾಪ್ ಹೆಚ್ಚಿಸಿದ್ದೇನೆ. ಹೊಸ ಪ್ರೋಗ್ರಾಂ ಓಡುತ್ತಿದೆ. ಓಕೆ."

ಆ ಕೊನೆಯ ಪದ ಯಾಕೆ ಬರೆದೆ...

ಫೆಬ್ರುವರಿ 9, ಭಾನುವಾರ

ಮುಖ ನೋಡಿ ಹೆಂಡತಿಯೇ ಕೇಳಿದಳು. ಹೇಳಿದೆ.

"ಮೆಮೊರಿ, ಡಿಸ್ಕು ಎರಡೂ ಒಂದೇ ಅಲ್ವಾ?"

ಅಡುಗೆಮನೆಯಲ್ಲೇ ನಿಂತಿದ್ದೆವು. ಒಲೆ ಪಕ್ಕದ ಕಟ್ಟೆ ತೋರಿಸಿದೆ — ಇದು ಮೆಮೊರಿ. ಕೈಗೆ ಸಿಗುತ್ತದೆ, ಆದರೆ ಚಿಕ್ಕದು. ಅಟ್ಟ ತೋರಿಸಿದೆ — ಅದು ಡಿಸ್ಕು. ದೊಡ್ಡದು, ಆದರೆ ಏಣಿ ಹಾಕಬೇಕು. ಕಟ್ಟೆ ತುಂಬಿದರೆ, ಬಹಳ ಹೊತ್ತಿನಿಂದ ಮುಟ್ಟದ ಡಬ್ಬಿ ಮೊದಲು ಅಟ್ಟಕ್ಕೆ. ಅದು ಬೇಕಾದಾಗ ಕೆಳಗೆ ತರಬೇಕು. ತಂದು ಇಡಲು ಜಾಗ ಬೇಕು. ಇನ್ನೊಂದು ಮೇಲಕ್ಕೆ.

"ಮೇಲಿಟ್ಟಿದ್ದೇ ಮರುಕ್ಷಣ ಬೇಕಾದ್ರೆ?"

"ಮತ್ತೆ ಏಣಿ."

"ಹಾಗಾದ್ರೆ ಅಡುಗೆ ಯಾವಾಗ್ರೀ? ದಿನವಿಡೀ ಏಣಿ ಹತ್ತೋದೇ ಆಯ್ತು."

ನಕ್ಕೆವು. ಇಷ್ಟು ಚೆನ್ನಾಗಿ ಆಫೀಸಿನಲ್ಲಿ ಒಬ್ಬರಿಗೂ ಅರ್ಥವಾಗಿಲ್ಲ.

ಫೆಬ್ರುವರಿ 13

ಗಂಟೆ ಹೊಡೆದಾಗಲೆಲ್ಲ ಹತ್ತು, ಹದಿನೈದು ಸೆಕೆಂಡು ಸ್ಕ್ರೀನು ಕಲ್ಲು. ಅಕ್ಕ ದೂರಿದರು. ಸಾಹೇಬರಿಗೆ ಹೇಳಿದೆ. "ಹದಿನೈದು ಸೆಕೆಂಡು ತಾನೆ" ಎಂದರು. ರಿಪೋರ್ಟು ತುಂಬ ಚೆನ್ನಾಗಿ ಬರುತ್ತಿದೆಯಂತೆ.

ಫೆಬ್ರುವರಿ 24, ಸಂಜೆ 6

ಈಗಲೇ ಬರೆದಿಡಬೇಕು. ಆಮೇಲೆ ಮರೆತು ಬೇರೆ ಹೇಳಿಬಿಡುತ್ತೇನೆ.

ಬೆಳಿಗ್ಗೆ ಹತ್ತೂವರೆಯಿಂದ ಒಂದು ಕರೆಯೂ ಇಲ್ಲ. ಪಕ್ಕದ ಕುರ್ಚಿಯವನು ರಜೆ. ಅಕ್ಕ ಒಬ್ಬರೇ. ಹನ್ನೊಂದಕ್ಕೆ ರಿಪೋರ್ಟು ಶುರು. ಇವತ್ತು ತಿಂಗಳ ಲೆಕ್ಕವೂ ಸೇರಿತ್ತು. ಮೂರು ವರ್ಷದ ಕರೆಗಳನ್ನೆಲ್ಲ ಒಟ್ಟಿಗೆ ಎಳೆಯಿತು. ಗಾಡಿ ಕಳಿಸುವ ಪ್ರೋಗ್ರಾಂ ಅರ್ಧ ಗಂಟೆಯಿಂದ ಸುಮ್ಮನಿತ್ತಲ್ಲ — ಬೇಡದ್ದು ಎಂದು ಸಿಸ್ಟಂ ಅದನ್ನು ಡಿಸ್ಕಿಗೆ ತಳ್ಳಿತು. ತಪ್ಪಲ್ಲ. ಅದರ ನಿಯಮವೇ ಹಾಗೆ. ಸುಮ್ಮನೆ ಕಾಯುವುದೂ ಒಂದು ಕೆಲಸ ಎಂದು ಅದಕ್ಕೆ ಗೊತ್ತಿಲ್ಲ.

11.16ಕ್ಕೆ ಕರೆ. ಗಡಿಯಾರ ರಿಪೇರಿಯವರು, ಅಂಗಡಿಯಲ್ಲೇ ಎದೆನೋವು. ಅವರ ಹೆಂಡತಿಯ ಫೋನು. ಅಕ್ಕ ಒಂದು ನಿಮಿಷದೊಳಗೆ ವಿಳಾಸ ಪಡೆದು ಗಾಡಿ ಕಳಿಸುವ ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

ನಾನು ಆಗ ಸರ್ವರ್ ರೂಮಿನಲ್ಲಿ. ಡಿಸ್ಕಿನ ದೀಪ ಮಿಣುಕುತ್ತಿರಲಿಲ್ಲ, ಒಂದೇ ಸಮನೆ ಉರಿಯುತ್ತಿತ್ತು. ರಿಪೋರ್ಟನ್ನು ಕೊಲ್ಲಲು ಕಮಾಂಡ್ ಟೈಪ್ ಮಾಡಿದೆ. ಒಂದು ಅಕ್ಷರ ಕಾಣಿಸಲು ಇಪ್ಪತ್ತು ಸೆಕೆಂಡು. ನನ್ನ ಕಮಾಂಡೂ ಮೆಮೊರಿಗೆ ಬರಬೇಕಲ್ಲ, ಅದಕ್ಕೂ ಸರದಿ. ಗೋಡೆಯಾಚೆ ಅಕ್ಕನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಪವರ್ ಕಿತ್ತುಬಿಡಲೇ ಎಂದುಕೊಂಡೆ. ಕಿತ್ತರೆ ಮತ್ತೆ ಏಳಲು ಒಂಬತ್ತು ನಿಮಿಷ. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ಸುಮ್ಮನೆ ನಿಂತೆ.

ಡ್ರೈವರ್‌ಗಳ ನಂಬರೆಲ್ಲ ಸ್ಕ್ರೀನಿನಲ್ಲೇ. ಕಾಗದದ ಪಟ್ಟಿಯನ್ನು ಹೋದ ವರ್ಷ ಸಾಹೇಬರು ಗೋಡೆಯಿಂದ ತೆಗೆಸಿದ್ದರು, ಚೆಂದ ಕಾಣುವುದಿಲ್ಲವೆಂದು. ಅಕ್ಕನಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ನಂಬರು. ತಮ್ಮ ಮೊಬೈಲಿನಿಂದ ಮಾಡಿದರು. ಆ ಗಾಡಿ ಸೇತುವೆಯಾಚೆ, ಬಹಳ ದೂರ.

11.21ಕ್ಕೆ ಯಂತ್ರಕ್ಕೆ ಜೀವ ಬಂತು. ಹತ್ತಿರದ ಗಾಡಿ ಐದು ನಿಮಿಷದ ದಾರಿಯಲ್ಲಿತ್ತು. 11.26ಕ್ಕೆ ತಲುಪಿತು. ಅವರ ಉಸಿರು ನಿಂತು ಐದಾರು ನಿಮಿಷವಾಗಿತ್ತಂತೆ; ಉಳಿಯಲಿಲ್ಲ.

ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಮತ್ತೊಂದು ಕರೆ ಬಂತು. ಹಾಕಿಕೊಂಡರು.

ಫೆಬ್ರುವರಿ 26

ಮೆಮೊರಿ ಬಂತು. ಏಳು ತಿಂಗಳು ಬಾರದ್ದು ಎರಡು ದಿನದಲ್ಲಿ. ನಾಲ್ಕು ಕಡ್ಡಿ, ಅಂಗೈಯಲ್ಲಿ ಹಿಡಿಯುತ್ತವೆ. ಸಾಹೇಬರೇ ಖುದ್ದಾಗಿ ಫೋನ್ ಮಾಡಿ "ಇವತ್ತೇ ಹಾಕಿ" ಎಂದರು.

ಹಾಕಿದೆ. ಯಂತ್ರ ಹಕ್ಕಿಯಂತೆ ಹಗುರ.

ಮಾರ್ಚ್ 5

ಅಕ್ಕನಿಗೆ ನೋಟಿಸ್. "ಕರೆ ಬಂದದ್ದು 11.16. ಗಾಡಿ ಕಳಿಸುವ ಬಟನ್ ಒತ್ತಿದ್ದು 11.21. ಐದು ನಿಮಿಷದ ವಿಳಂಬಕ್ಕೆ ಕಾರಣ ತಿಳಿಸಿ."

ಓದಿ ನನ್ನ ಕೈಗೆ ಕೊಟ್ಟರು. "ನೋಡಪ್ಪಾ, ನಾನು ಆ ಹೊತ್ತಲ್ಲಿ ನಿದ್ದೆ ಮಾಡ್ತಾ ಇದ್ದೆ ಅಂತ ಬರೀಲಿಲ್ಲವಲ್ಲ, ಪುಣ್ಯ."

ಮಾರ್ಚ್ 7

ಎರಡು ದಿನ ಹುಡುಕಿದೆ.

ಬಟನ್ ಒತ್ತಿದ ಹೊತ್ತು ಬರೆಯುವುದು ಸರ್ವರು. ಒತ್ತಿದ ಕ್ಷಣವಲ್ಲ, ಅದು ತನ್ನ ಕೈಗೆ ಸಿಕ್ಕ ಕ್ಷಣ. ಎಷ್ಟು ಸಲ ಒತ್ತಿದರೂ ಒಂದೇ ಸಾಲು ಬರೆಯುತ್ತದೆ. ಒಂದೇ ಸಾಲು. 11.21.

ಕರೆಯ ರೆಕಾರ್ಡಿಂಗ್? ಅದೂ ಅದೇ ಡಿಸ್ಕಿಗೆ. 11.17ರಿಂದ ಮಾತು ಚಿಂದಿ, ಆಮೇಲೆ ಮೌನ.

ಯಂತ್ರದ ಆರೋಗ್ಯ ನಿಮಿಷಕ್ಕೊಮ್ಮೆ ಬರೆದಿಡುವ ಪ್ರೋಗ್ರಾಂ ಇದೆ. 11.16ರ ಸಾಲಿದೆ. ಮುಂದಿನದು 11.21. ನಡುವೆ ಖಾಲಿ. ಅದಕ್ಕೂ ಬರೆಯಲು ಆಗಿಲ್ಲ.

ಆ ಖಾಲಿಯೇ ಸಾಕ್ಷಿ. ನೋಡಲು ಬಲ್ಲವರಿಗೆ.

ಮಾರ್ಚ್ 11, ಮಧ್ಯಾಹ್ನ 3

ವಿಚಾರಣೆ. ಉದ್ದ ಮೇಜು, ನೀರಿನ ಬಾಟಲಿ. ಹೊರಗಿನಿಂದ ಬಂದ ವಿಚಾರಣಾಧಿಕಾರಿ. ಕೆಟ್ಟವರಲ್ಲ. ಸಮಾಧಾನದಿಂದ ಕೇಳಿದರು. ಕಟ್ಟೆ, ಅಟ್ಟ, ಏಣಿ ಎಲ್ಲ ಹೇಳಿದೆ.

"ಅಂದ್ರೆ ಯಂತ್ರ ಕೆಟ್ಟಿತ್ತು ಅಂತೀರಾ?"

"ಕೆಟ್ಟಿರಲಿಲ್ಲ ಸರ್. ಮೆಮೊರಿಯಿಂದ ಡಿಸ್ಕಿಗೆ, ಡಿಸ್ಕಿನಿಂದ ಮೆಮೊರಿಗೆ ಸಾಗಿಸೋದ್ರಲ್ಲೇ ಮುಳುಗಿತ್ತು. ಬೇರೆ ಕೆಲಸಕ್ಕೆ ಪುರುಸೊತ್ತಿರಲಿಲ್ಲ."

"ಕೆಟ್ಟಿರಲಿಲ್ಲ" ಎಂದು ಬರೆದುಕೊಂಡರು. ಅಷ್ಟೇ ಬರೆದುಕೊಂಡರು.

ಖಾಲಿ ಸಾಲು ತೋರಿಸಿದೆ.

"ಇಲ್ಲಿ ಏನೂ ಇಲ್ಲವಲ್ಲ."

"ಏನೂ ಇಲ್ಲದಿರೋದೇ ಸರ್ ನಾನು ತೋರಿಸ್ತಿರೋದು."

ಬಟನ್ ಒತ್ತಿದ್ದನ್ನೂ ಮೊಬೈಲಿನಿಂದ ಡ್ರೈವರ್‌ಗೆ ಫೋನ್ ಮಾಡಿದ್ದನ್ನೂ ಅಕ್ಕ ಹೇಳಿದರು; ಫೋನ್ ಮಾಡಿದ್ದು ಬಟನ್ ಒತ್ತಿದ್ದಕ್ಕೆ ಸಾಕ್ಷಿಯಲ್ಲ ಎಂದರು ಅಧಿಕಾರಿ. ಸಾಹೇಬರು ಕೆಮ್ಮಿದರು. ಹೋಗಿ ಯಂತ್ರ ನೋಡೋಣ ಎಂದರು. ಎಲ್ಲರೂ ಬಂದರು. ರಿಪೋರ್ಟು ಓಡಿಸಿದರು, ಬಟನ್ ಒತ್ತಿದರು. ಪಟ್ಟನೆ ಹೋಯಿತು. ಹೋಗದೆ ಏನು, ಹೊಸ ಮೆಮೊರಿ ಇದೆಯಲ್ಲ. ಇದು ಆಮೇಲೆ ಹಾಕಿದ್ದು, ನನ್ನ ಒಂಬತ್ತು ಪತ್ರ ನೋಡಿ ಎಂದೆ. ಆಗ ಸಾಹೇಬರು ಫೈಲಿನಿಂದ ಒಂದು ಹಾಳೆ ತೆಗೆದರು. ನನ್ನ ಫೆಬ್ರುವರಿ ಆರರ ಮೇಲ್.

"ಇದು ಇವರೇ ಬರೆದದ್ದು. ಕೊನೇ ಪದ ಓದಿ ಸರ್."

ಅಧಿಕಾರಿ ಓದಿದರು. ನನ್ನ ಮುಖ ನೋಡಿದರು. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದರು.

ತಪ್ಪು ನನ್ನದು, ಹೆದರಿ ಬರೆದೆ, ನನ್ನ ಮೇಲೆ ಕ್ರಮ ತೆಗೆದುಕೊಳ್ಳಿ ಎಂದೆ. "ಭಾವುಕರಾಗಬೇಡಿ" ಎಂದರು ಅಧಿಕಾರಿ. ಫೋನ್ ಮಾಡಿದ ಆ ಹೆಂಡತಿಯನ್ನು ಕೇಳಿ, ಅವರು ಲೈನಿನಲ್ಲೇ ಇದ್ದರು ಎಂದೆ. "ಪಾಪ, ದುಃಖದಲ್ಲಿರೋರನ್ನ ಯಾಕೆ ಎಳೆದು ತರೋದು" ಎಂದರು ಸಾಹೇಬರು. ಎಲ್ಲರೂ ತಲೆಯಾಡಿಸಿದರು. ಅಷ್ಟು ಒಳ್ಳೆಯತನ ಆ ಕೋಣೆಯಲ್ಲಿ ಅವತ್ತೇ ಕಂಡದ್ದು.

ಮಾರ್ಚ್ 12

ಕೆಲಸಕ್ಕೆ ಹೋಗಲಿಲ್ಲ.

ಮಾರ್ಚ್ 29

ಆದೇಶ. ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ಸಂಬಂಧಪಟ್ಟ ತಾಂತ್ರಿಕ ಸಿಬ್ಬಂದಿ ಯಂತ್ರ ಸರಿಯಿದೆ ಎಂದು ಮೊದಲೇ ಲಿಖಿತವಾಗಿ ದೃಢಪಡಿಸಿದ್ದಾರೆ. ವಿಳಂಬ ಆಪರೇಟರ್‌ನಿಂದ.

ಅಕ್ಕನಿಗೆ ಕಡ್ಡಾಯ ನಿವೃತ್ತಿ. ನನಗೆ ಒಂದು ಎಚ್ಚರಿಕೆ ಪತ್ರ. ಪತ್ರ ವ್ಯವಹಾರದಲ್ಲಿ ನಿಖರತೆ ಇರಲಿ ಎಂದು.

ರಾಜೀನಾಮೆ ಬರೆದೆ. ಇವಳು ಓದಿದಳು. "ಇದರಿಂದ ಅವರಿಗೆ ಕುರ್ಚಿ ವಾಪಸ್ ಸಿಗುತ್ತಾ?" ಇಲ್ಲ. "ನಿಮ್ಮ ಜಾಗಕ್ಕೆ ಬರೋನು ಹತ್ತನೇ ಪತ್ರ ಬರೀತಾನಾ?" ಗೊತ್ತಿಲ್ಲ. ಹರಿಯಲಿಲ್ಲ, ಕೊಡಲೂ ಇಲ್ಲ. ಮೇಜಿನ ಡ್ರಾಯರಿನಲ್ಲಿದೆ.

ಏಪ್ರಿಲ್ 6, ಭಾನುವಾರ

ಅಕ್ಕನ ಮನೆಗೆ ಹೋದೆ. ಮೂರನೆಯ ಮಹಡಿ, ಲಿಫ್ಟಿಲ್ಲ. ಬೈದರೆ ಬೈಯಲಿ ಎಂದುಕೊಂಡೇ ಹತ್ತಿದೆ. ಬೈಯಲಿಲ್ಲ. ತೆಳ್ಳಗಾಗಿದ್ದಾರೆ. ಟಿ.ವಿ. ದನಿಯಿಲ್ಲದೆ ಓಡುತ್ತಿತ್ತು.

ನನ್ನ ಓಕೆಯಿಂದ ಹೀಗಾಯಿತು ಎಂದೆ. ಕೈ ಬೀಸಿದರು, ನೊಣ ಓಡಿಸಿದ ಹಾಗೆ.

"ಅದಿರಲಿ. ಒಂದು ಕೇಳ್ತೀನಿ, ನಿಜ ಹೇಳು. ನಾನು ಒತ್ತಿದ್ದು ಹೌದಾ?"

ಅರ್ಥವಾಗಲಿಲ್ಲ.

"ಬಟನ್ನು. ಒತ್ತಿದೆ ಅಂತಲೇ ನೆನಪು. ಆದ್ರೆ ಆ ಕಾಗದ ಓದಿ ಓದಿ... ಅವರೆಲ್ಲ ಓದಿದೋರು, ಅಷ್ಟು ಜನ ಕೂತು ಹೇಳ್ತಾರೆ. ಬೆಳಗ್ಗೆ ಎದ್ದ ಕೂಡಲೇ ಅದೇ. ಕೈ ಒತ್ತಿತೋ, ಒತ್ತಬೇಕು ಅಂದ್ಕೊಂಡು ಹಾಗೇ ಕೂತುಬಿಟ್ನೋ. ವಯಸ್ಸಾಯ್ತಲ್ಲ."

"ಒತ್ತಿದಿರಿ ಅಕ್ಕ."

"ನೀನು ನೋಡಿದ್ಯಾ?"

ನೋಡಿರಲಿಲ್ಲ. ಗೋಡೆಯ ಈಚೆ ಇದ್ದೆ.

"ಯಂತ್ರದ ಪ್ರಕಾರ..." ಎಂದು ಶುರು ಮಾಡಿದೆ.

"ಯಂತ್ರದ ಪ್ರಕಾರ ನಾನು ಒತ್ತಿಲ್ಲ ಕಣಪ್ಪ" ಎಂದರು. ಸಮಾಧಾನವಾಗಿ, ನನ್ನನ್ನೇ ಸಂತೈಸುವ ದನಿಯಲ್ಲಿ.

ಏಪ್ರಿಲ್ 17, ಮಧ್ಯಾಹ್ನ 1

ಗಡಿಯಾರ ರಿಪೇರಿಯವರ ಹೆಂಡತಿ ಬಂದಿದ್ದರು. ಕರೆ ಬಂದ, ಗಾಡಿ ಕಳಿಸಿದ ಹೊತ್ತಿನ ದೃಢೀಕೃತ ಪ್ರತಿ ಯಾವುದೋ ಕಚೇರಿಗೆ ಬೇಕಂತೆ. ಪ್ರಿಂಟ್ ತೆಗೆಯುವುದು ನಾನೇ. ಕೈಗೆ ಕೊಟ್ಟೆ. ಹಾಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಹನ್ನೊಂದು ಇಪ್ಪತ್ತೊಂದಾ? ಇದು ತಪ್ಪು ಕಣ್ರೀ."

ಎದ್ದು ನಿಂತೆ.

"ಆಯಮ್ಮ ವಿಳಾಸ ಕೇಳಿದ್ರು, ಹೇಳ್ದೆ. ಆಗಿಂದಲೇ ಒತ್ತೋಕೆ ಶುರು ಮಾಡಿದ್ರು. ಟಕ್ ಟಕ್ ಟಕ್ ಅಂತ ನನ್ನ ಕಿವಿಗೇ ಬೀಳ್ತಾ ಇತ್ತು. ಹೋಗೇ ತಾಯಿ, ಹೋಗೇ ಅಂತ ಆ ಕಂಪ್ಯೂಟರಿಗೆ ಹೇಳ್ತಾನೇ ಇದ್ರು. ನಡುನಡುವೆ ನಂಗೆ, ಎದೆ ಮೇಲೆ ಕೈ ಇಟ್ಟು ಒತ್ತಮ್ಮ, ನಿಲ್ಲಿಸ್ಬೇಡ, ನಾನೂ ಒತ್ತುತಾ ಇದ್ದೀನಿ ಅಂತ. ಅಲ್ಲಿ ಅವರು, ಇಲ್ಲಿ ನಾನು. ಇಬ್ಬರೂ ಒತ್ತಿದ್ದೇ ಒತ್ತಿದ್ದು."

ಕುರ್ಚಿ ಕೊಟ್ಟೆ. ಕೂರಲಿಲ್ಲ.

ಇದನ್ನು ಬರೆದು ಕೊಡುತ್ತೀರಾ ಎಂದೆ. ಬರೆದು ಕೊಟ್ಟರು. ಅಲ್ಲೇ ಕೌಂಟರಿನ ಮೇಲೆ, ದಾರ ಕಟ್ಟಿದ ಪೆನ್ನಿನಲ್ಲಿ. ಮಹಡಿ ಹತ್ತಿ ಸಾಹೇಬರಿಗೆ ಕೊಟ್ಟೆ. ನಿಂತೇ ಓದಿದರು. ಕೇಸು ಮುಗಿದಿದೆ, ಮತ್ತೆ ತೆರೆಯಲು ಬರುವುದಿಲ್ಲ ಎಂದರು. ಹಾಳೆ ನನಗೇ ವಾಪಸ್.

ಏಪ್ರಿಲ್ 17, ಸಂಜೆ 5.40

ಅಕ್ಕನ ಮನೆಯಲ್ಲೇ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಹಾಳೆ ಕೊಟ್ಟೆ. ಇದರಿಂದ ಏನೂ ಬದಲಾಗುವುದಿಲ್ಲ ಅಕ್ಕ, ಕೇಸು ಮುಗಿಯಿತಂತೆ ಎಂದು ಮೊದಲೇ ಹೇಳಿದೆ. ಕನ್ನಡಕ ಹುಡುಕಿದರು. ತಲೆಯ ಮೇಲೇ ಇತ್ತು. ಒಂದು ಸಲ ಓದಿದರು. ಎರಡನೆಯ ಸಲ ತುಟಿ ಅಲ್ಲಾಡಿಸುತ್ತ ಓದಿದರು. ಬಲಗೈ ತೋರುಬೆರಳು ಮೇಜಿನ ಮೇಲೆ ತಾನಾಗಿ ಆಡುತ್ತಿತ್ತು. ಟಕ್. ಟಕ್. ಟಕ್. ಅವರಿಗೆ ಅದು ಗೊತ್ತಿರಲಿಲ್ಲ ಅನಿಸುತ್ತದೆ.

"ಕೇಳಿಸ್ತಂತಾ ಅವಳಿಗೆ?"

"ಕೇಳಿಸ್ತಂತೆ."

"ಅಷ್ಟು ಸಂಕಟದಲ್ಲೂ ಕೇಳಿಸ್ಕೊಂಡ್ಳಾ..."

ಎದ್ದು ಅಡುಗೆಮನೆಗೆ ಹೋದರು. ನೀರು ತರುತ್ತೇನೆ ಎಂದರು. ನಲ್ಲಿ ಬಿಟ್ಟ ಸದ್ದು. ಇನ್ನೂ ನಿಂತಿಲ್ಲ. ಲೋಟ ತುಂಬಲು ಇಷ್ಟು ಹೊತ್ತು ಬೇಡ. ನೀರಿನ ಸದ್ದಿನ ಕೆಳಗೆ ಬಿಕ್ಕುವ ಸದ್ದು. ಏಳಬೇಕು, ಹೋಗಿ ಹತ್ತಿರ ನಿಲ್ಲಬೇಕು.