ಹೊರಗಿನ ಕೋಣೆಯಲ್ಲಿ ಹನ್ನೆರಡು ಹೆಂಗಸರು

ಟುನಿಸ್, ಟೋಪಿಯವರ ಬೀದಿ
ಬುಧವಾರ, ೧೪ ಅಕ್ಟೋಬರ್ ೨೦೦೯

ಪ್ರೀತಿಯ ಹಸೂನಾ,

ಹೇಗಿದ್ದೀರಿ? ಎಡಗಡೆಯ ದವಡೆ ಹಲ್ಲು ಕೀಳಿಸಿದಿರಾ, ಇಲ್ಲ ಲವಂಗ ಅದುಮಿಕೊಂಡೇ ದಿನ ದೂಡುತ್ತಿದ್ದೀರಾ? ಟ್ರಿಪೋಲಿಯಲ್ಲಿ ಇಷ್ಟು ಹೊತ್ತಿಗೆ ಸೆಖೆ ಇಳಿದಿರಬೇಕು. ಬರೀ ಬ್ರೆಡ್ಡು, ಡಬ್ಬಿಯ ಮೀನು ತಿಂದು ಕಾಲ ಹಾಕಬೇಡಿ. ಈ ಕಾಗದ ತರುವ ಟ್ಯಾಕ್ಸಿ ಚಾಲಕನ ಕೈಯಲ್ಲೇ ಒಂದು ಸೀಸೆ ಹರೀಸಾ ಖಾರ ಕಳಿಸಿದ್ದೇನೆ. ಮೇಲೆ ಎಣ್ಣೆ ನಿಂತಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ನಾನು, ಮಾವ, ನಿಮ್ಮ ತಮ್ಮ ಮೋಯಿಜ್ ಎಲ್ಲರೂ ಕ್ಷೇಮ. ಮಾವನ ಮಂಡಿನೋವು ಮಾತ್ರ ಹಾಗೇ ಇದೆ. ಎಮ್ನಾಳ ಮುಂದಿನ ಹಲ್ಲು ಬಿದ್ದಿದೆ. ಅದನ್ನು ಪೊಟ್ಟಣ ಕಟ್ಟಿ ಅಪ್ಪನಿಗೆ ಕಳಿಸು ಎಂದು ಹಟ ಹಿಡಿದಿದ್ದಾಳೆ, ನಾನು ಬೇಡವೆಂದೆ. ಮುಂದೆ ಬರೆಯುವುದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ಮಾತಿನ ನಡುವೆ ಗಿರಾಕಿ ಬಂದ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ವಿಷಯ ಅದೇ, ಆ ಹಾಳೆಯದು. ಕುಶಲಕರ್ಮಿಗಳ ಕಚೇರಿಯಿಂದ ಇಬ್ತಿಸಾಮ್ ಎಂಬ ಹುಡುಗಿ ಬಂದು ನಮ್ಮ ಟೋಪಿ ಮಳಿಗೆಯ ಒಳಗು ಹೊರಗು ಪರೀಕ್ಷೆ ಮಾಡಿ ಬರೆದುಕೊಡಿ ಎಂದು ಒಂದು ದೊಡ್ಡ ಹಾಳೆ ಬಿಟ್ಟುಹೋದಳೆಂದು ನಿಮಗೆ ಮೊದಲೇ ತಿಳಿಸಿದ್ದೆ. ಹಾಳೆಯ ಮೇಲೆ ನಾಲ್ಕು ಕೋಣೆ. ಮೇಲಿನ ಎರಡು ಒಳಗಿನವು, ನಮ್ಮ ಬಲ ಮತ್ತು ನಮ್ಮ ಕುಂದು. ಕೆಳಗಿನ ಎರಡು ಹೊರಗಿನವು, ಹೊರಗೆ ಕಾದಿರುವ ಅವಕಾಶ ಮತ್ತು ಹೊರಗಿನಿಂದ ಬರುವ ಅಪಾಯ. ಬೀದಿಯ ಅಷ್ಟೂ ಮಳಿಗೆಗಳಲ್ಲಿ ಐದನ್ನು ಆರಿಸಿ ಅವಕ್ಕೆ ಹೊರದೇಶದ ವ್ಯಾಪಾರಿಯೊಬ್ಬನ ಮೂರು ವರ್ಷದ ಕೆಲಸ ಕೊಡಿಸುತ್ತಾರಂತೆ. ಬಣ್ಣಬಣ್ಣದ, ಹೆಂಗಸರ ಟೋಪಿ. ನಮ್ಮ ಹೆಸರು ಆ ಐದರಲ್ಲಿ ಬಾರದಿದ್ದರೆ ಹಬ್ಬ ಮುಗಿದ ಮೇಲೆ ಮಳಿಗೆಗೆ ಬೀಗ ಹಾಕುತ್ತೇನೆಂದು ಮಾವ ಹೇಳಿಬಿಟ್ಟಿದ್ದಾರೆ. ನೀವು ಅಲ್ಲಿ ಕೂತು ನಮ್ಮ ಟೋಪಿ ಮಾರುವ ಲಿಬಿಯಾದ ವ್ಯಾಪಾರ ಅರ್ಧಕ್ಕೆ ಇಳಿದಿರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಳೆ ತುಂಬಿಸುವ ದಿನ ನೀವು ಇಲ್ಲಿರಬೇಕಿತ್ತು. ಬಲ ಎಂದಾಗ ಮಾವ ಎದೆ ಸೆಟೆಸಿ "ನಮ್ಮಪ್ಪನ ಹೆಸರು ಬರಿ" ಎಂದರು. ಕುಂದು ಎಂದಾಗ ಮುಖ ಗಂಟಿಕ್ಕಿತು. "ನನ್ನ ಅಂಗಡೀಲಿ ಕುಂದಾ? ನನ್ನ ಮಂಡಿ ಅಂತ ಬರಕೋ ಹೋಗು" ಎಂದು ಗದರಿದರು. ಮೋಯಿಜ್ ಗಂಭೀರವಾಗಿ ಹಾಗೆಯೇ ಬರೆದ, "ಯಜಮಾನರ ಮಂಡಿ." ಇಬ್ತಿಸಾಮ್ ಮೊದಲು ನಕ್ಕಳು, ಆಮೇಲೆ ಅದನ್ನು ಹೊಡೆದುಹಾಕಬೇಡಿ ಎಂದಳು. ಟೋಪಿಯನ್ನು ಅಚ್ಚಿಗೆ ಎಳೆದು ಕೂರಿಸುವ ಕೆಲಸ ಮಾವನನ್ನು ಬಿಟ್ಟು ಇನ್ನೊಬ್ಬರಿಗೆ ಬಾರದು, ಆ ಮಂಡಿ ಕೈಕೊಟ್ಟರೆ ಮಳಿಗೆಯೂ ಕೈಕೊಟ್ಟಂತೆ, ಇದು ನಿಜವಾದ ಕುಂದು ಎಂದಳು. ಮಾವನಿಗೆ ಆಗಲೇ ಆ ಹುಡುಗಿಯ ಮೇಲೆ ಸ್ವಲ್ಪ ಗೌರವ ಬಂದದ್ದು. ಮೋಯಿಜ್ ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳುವುದಿಲ್ಲವೆಂಬುದನ್ನೂ ಬರೆಯಿರಿ ಎಂದು ನಾನು ಒಳಗಿನಿಂದ ಕೂಗಿದೆ, ಅದನ್ನವನು ಬರೆಯಲಿಲ್ಲ. ನಿಮ್ಮಲ್ಲಿ ಒಟ್ಟು ಎಷ್ಟು ಜನ ಎಂದು ಅವಳು ಕೇಳಿದಳು. "ಮೂರು" ಎಂದರು ಮಾವ. ತಾವು, ಮೋಯಿಜ್ ಮತ್ತು ನೀವು.

ಹೊರಗಿನ ಕೋಣೆಗಳನ್ನು ತುಂಬಿಸಿದ್ದು ನೀವು ಕಳಿಸಿದ ಪುಟ. ಚೆನ್ನಾಗಿ ಬರೆದಿದ್ದಿರಿ, ಇಲ್ಲವೆನ್ನುವುದಿಲ್ಲ. ಅಲ್ಲಿಯ ಹುಡುಗರು ಬರಿದಲೆಯಲ್ಲಿ ಓಡಾಡುವುದು, ಮುದುಕರಿಗೆ ಮಾತ್ರ ನಮ್ಮ ಕಡುಗೆಂಪು ಟೋಪಿ ಬೇಕಾಗುವುದು, ಚೀನಾದ ಟೋಪಿ ಎರಡು ಸಲ ಒಗೆದರೆ ಬೋಳಾದರೂ ಮದುವೆಗೆ ಬರುವ ನೆಂಟರಿಗೆ ಹಂಚಲು ಅದನ್ನೇ ಕೊಳ್ಳುವುದು, ಗಡಿಯಲ್ಲಿ ಲಾರಿ ಮೂರು ದಿನ ನಿಲ್ಲುವುದು. ನನ್ನ ಅಕ್ಷರ ದುಂಡಗಿದೆಯೆಂದು ನಕಲು ಮಾಡಲು ನನಗೇ ಕೊಟ್ಟರು. ಅಪಾಯ ಎಂಬ ಕೋಣೆಯಲ್ಲಿ ಚೀನಾದ ಟೋಪಿ ಆಯಿತು, ಗಡಿ ಆಯಿತು, ಅದರ ಕೆಳಗೆ ನಿಮ್ಮ ಸಾಲು: "ಹೆಣೆಯುವ ಹೆಂಗಸರು. ವಯಸ್ಸಾದವರು, ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ನಂಬಿ ಕೂರುವಂತಿಲ್ಲ." ಪಕ್ಕದ ಅರಿಯಾನಾ ಊರಿನ ಹನ್ನೊಂದು ಜನ, ನನ್ನನ್ನು ಸೇರಿಸಿ ಹನ್ನೆರಡು. ನನ್ನನ್ನು ಬಿಟ್ಟು ಎಂದು ನೀವು ಬರೆದಿರಲಿಲ್ಲ, ನಾನು ಎರಡು ಸಲ ಹುಡುಕಿದೆ. ಮದುವೆಯಾಗಿ ಹನ್ನೊಂದು ವರ್ಷದಿಂದ ಈ ಮನೆಯ ಉಣ್ಣೆ ನನ್ನ ಬೆರಳ ಸಂದಿಯಲ್ಲಿ ಓಡುತ್ತಿದೆ. ನನಗೆ ತುಂಬಾ ನೋವಾಯಿತು, ಹಸೂನಾ. ಆದರೂ ನಕಲು ಮಾಡಿದೆ, ಒಂದಕ್ಷರ ಬಿಡದೆ.

ಅದಾದ ಮೇಲಿನ ಗುರುವಾರ ಎಂದಿನಂತೆ ಉಣ್ಣೆ ಹಂಚಲು ಅರಿಯಾನಾಕ್ಕೆ ಹೋದಾಗ ಹಾಳೆ ಚೀಲದಲ್ಲೇ ಇತ್ತು. ದೂಜಾ ಚಿಕ್ಕಮ್ಮನ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ನನಗೆ ಹೆಣಿಗೆ ಕಲಿಸಿದವಳು ಅವಳೇ ಎಂದು ಮದುವೆಯ ದಿನ ನಿಮಗೆ ತೋರಿಸಿದ್ದೆನಲ್ಲ, ಎತ್ತರದ ಹೆಂಗಸು. ಅದೇನು ಕಾಗದ, ಓದು, ನಾವೂ ಎಲ್ಲೋ ಒಂದು ಕಡೆ ಇರ್ತೀವಲ್ಲ ಎಂದಳು. ಓದದೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಓದಿಬಿಟ್ಟೆ, ಮಾವ ಮೂರು ಜನ ಎಂದದ್ದನ್ನೂ ಹೇಳಿಬಿಟ್ಟೆ. ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕರು. "ಚೀನಾ ಟೋಪಿ ಪಕ್ಕದಲ್ಲೇ ಕೂರಿಸಿದಾನಲ್ಲೇ ನಿನ್ನ ಗಂಡ ನಮ್ಮನ್ನ!" ಎಂದು ದೂಜಾ ಚಿಕ್ಕಮ್ಮ ಕಣ್ಣು ಒರೆಸಿಕೊಂಡಳು. ನಗು ನಿಂತ ಮೇಲೆ ಹೆಣಿಗೆಯ ಐದೂ ಕಡ್ಡಿಗಳನ್ನು ಉಣ್ಣೆಯ ಉಂಡೆಗೆ ಚುಚ್ಚಿ ಪಕ್ಕಕ್ಕಿಟ್ಟಳು. "ಸರಿ ಬಿಡು. ಹೊರಗಿನೋರು ಅಂದ್ಮೇಲೆ ಹೊರಗಿನೋರ ಥರಾನೇ ಇರೋಣ. ನಿಮ್ಮ ಎದುರಂಗಡಿ ತೈಯಬ್ ಎರಡು ಸಲ ಹೇಳಿ ಕಳಿಸಿದಾನೆ, ನಮಗೆ ಹೆಣೀರಿ ಅಂತ." ನಾನು ತಂದ ಉಣ್ಣೆಯ ಚೀಲಗಳನ್ನು ಒಬ್ಬರೂ ಬಿಚ್ಚಲಿಲ್ಲ. ತೈಯಬನ ಕಡೆಗೂ ಯಾರೂ ಹೋಗಲಿಲ್ಲ, ಸುಮ್ಮನೆ ಕೈಕಟ್ಟಿ ಕೂತರು. ನಿಜ ಹೇಳುತ್ತೇನೆ, ಮನೆಗೆ ಬಂದು ನಾನೂ ನನ್ನ ಕಡ್ಡಿ ಮುಟ್ಟಲಿಲ್ಲ.

ಒಂದು ವಾರ ಕಳೆಯಿತು. ನಮ್ಮ ಕಸುಬಿನಲ್ಲಿ ಹೆಣೆದ ಬಿಳಿ ಟೋಪಿ ಬಂದರೆ ತಾನೆ ಮುಂದಿನದು? ನೆನೆಸಿ ಕುಟ್ಟಿ ಕುಗ್ಗಿಸುವ ಬತ್ತಾನ್ ಊರಿನ ಗಿರಣಿಗೆ ಕಳಿಸಲು ಏನೂ ಇಲ್ಲ, ಬಣ್ಣದವನಿಗೆ ಕೆಲಸವಿಲ್ಲ, ಮೋಯಿಜ್ ನವಿರೆಬ್ಬಿಸುವ ಒಣ ಮುಳ್ಳುಕಾಯಿ ಹಿಡಿದು ಬಾಚಿದ್ದ ಟೋಪಿಯನ್ನೇ ಮತ್ತೆ ಬಾಚುತ್ತಿದ್ದ. ಹಬ್ಬಕ್ಕೆ ನೀವು ಕೇಳಿದ್ದ ಮಾಲು ಅದಕ್ಕೇ ತಡವಾಗಿದೆ, ಗಡಿಯನ್ನು ಬೈಯಬೇಡಿ. ಶುಕ್ರವಾರ ಮಾವ ನನ್ನನ್ನು ಕರೆದು ಏನಾಗಿದೆ ಎಂದರು. ಹೇಳಿದೆ. ಕೂಗಾಡುತ್ತಾರೆಂದು ಕಾದೆ. ಅವರು ಹಾಳೆ ತರಿಸಿ, ಕನ್ನಡಕ ಹಾಕಿಕೊಂಡು, ಆ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ "ನಾಳೆ ಎಷ್ಟೊತ್ತಿಗೆ ಬಸ್ಸು?" ಎಂದು ಕೇಳಿದರು.

ಈ ಬೀದಿಯ ಯಾವ ಯಜಮಾನನೂ ಹೆಣೆಯುವವರ ಮನೆಗೆ ಹೋದದ್ದನ್ನು ನಾನು ಕೇಳಿಲ್ಲ. ಉಣ್ಣೆ ಹೋಗುವುದು ಹೆಂಗಸರ ಕೈಯಲ್ಲಿ, ಟೋಪಿ ಬರುವುದೂ ಹಾಗೆಯೇ. ಮಾವ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ತಾವೇ ಹೋಗಿ ಒಂದು ಕಿಲೋ ಖರ್ಜೂರದ ಸಿಹಿ ಕಟ್ಟಿಸಿಕೊಂಡು, ಮಂಡಿ ನೀವಿಕೊಳ್ಳುತ್ತಾ ನನ್ನ ಜೊತೆ ಬಸ್ಸು ಹತ್ತಿದರು. ದೂಜಾ ಚಿಕ್ಕಮ್ಮನ ಹೊಸ್ತಿಲಲ್ಲಿ ನಿಂತುಬಿಟ್ಟರು. ಒಳಗೆ ಬನ್ನಿ ಎಂದು ಅವಳೂ ಹೇಳಲಿಲ್ಲ. "ಮೂರೇ ಜನ ಅಂದ್ರಂತೆ, ಸಿ ಶಾದ್ಲಿ" ಎಂದು ಮಾವನ ಹೆಸರು ಹಿಡಿದು ಕೇಳಿದಳು, ಅಷ್ಟೆ. ಮಾವ ತಲೆ ಕೆರೆದುಕೊಂಡರು. "ಆ ಹುಡುಗಿ ನಿಮ್ಮಲ್ಲಿ ಎಷ್ಟು ಜನ ಅಂದ್ಲು. ನಂಗೆ ಕಣ್ಣಿಗೆ ಬಂದಿದ್ದು ಅಂಗಡಿಯ ಸ್ಟೂಲು. ಮೂರಿದೆ, ಮೂರು ಅಂದೆ." ಅದು ಸುಳ್ಳಲ್ಲ, ಅವರ ಲೆಕ್ಕ ಅಷ್ಟಕ್ಕೇ ನಿಂತಿತ್ತು.

ಆಮೇಲೆ ಬಾಗಿಲ ಬಳಿ ಬುಟ್ಟಿಯಲ್ಲಿದ್ದ, ಕೆಲಸ ನಿಲ್ಲಿಸುವ ಮೊದಲು ಹೆಣೆದಿಟ್ಟ ಟೋಪಿಗಳಲ್ಲಿ ಒಂದನ್ನು ಎತ್ತಿದರು. ತಿರುಗಿಸಿ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿದರು. "ಇದು ನಿಮ್ದು, ದೂಜಾ. ನೆತ್ತೀನ ಇಷ್ಟು ಬಿಗಿಯಾಗಿ ಮುಚ್ಚೋರು ಬೇರೆ ಯಾರಿಲ್ಲ. ನಲವತ್ತು ವರ್ಷದಿಂದ ನೋಡ್ತಿದೀನಿ." ಇನ್ನೊಂದು ಎತ್ತಿದರು. ಇದು ಎಡಗೈಯವಳದು, ಸುತ್ತು ಉಲ್ಟಾ ಹೋಗುತ್ತೆ. ಇದು ಅಂಚಿಗೆ ಒಂದು ಸುತ್ತು ಜಾಸ್ತಿ ಹಾಕುವವಳದು, ಕುಗ್ಗಿದ ಮೇಲೆ ಅಂಚು ಸೊಟ್ಟಗಾಗಲ್ಲ. ಇದು ಹೋದ ಚಳಿಗಾಲ ಕಾಯಿಲೆ ಬಿದ್ದವಳದು, ಎರಡು ತಿಂಗಳು ಹೆಣಿಗೆ ಸಡಿಲ ಇತ್ತು, ಈಗ ಸರಿಹೋಗಿದೆ. ದೂಜಾ ಚಿಕ್ಕಮ್ಮನನ್ನು ಬಿಟ್ಟರೆ ಒಬ್ಬರ ಹೆಸರೂ ಗೊತ್ತಿಲ್ಲ, ಒಬ್ಬರ ಮುಖವೂ ನೋಡಿಲ್ಲ, ಆದರೆ ಕೈ ಗೊತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮ ಹೆಸರು ಹೇಳಿದರು. ಬುಟ್ಟಿಯ ತಳದಲ್ಲಿ ನಾನು ಚಿಕ್ಕಮ್ಮನಿಗೆ ತೋರಿಸಲು ಇಟ್ಟು ಹೋಗಿದ್ದ ನನ್ನದೊಂದಿತ್ತು. ಮಾವ ಅದನ್ನು ನೋಡಿ "ಇದು ನಮ್ಮನೇದು" ಎಂದರು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ಅತ್ತೆ. ಬರುವಷ್ಟರಲ್ಲಿ ದೂಜಾ ಚಿಕ್ಕಮ್ಮ ಅವರನ್ನು ಚಾಪೆಯ ಮೇಲೆ ಕೂರಿಸಿ, ಮಂಡಿಗೆ ದಿಂಬು ಕೊಟ್ಟು, ಚಹಾ ಸುರಿಯುತ್ತಾ "ಇಷ್ಟೆಲ್ಲಾ ಗೊತ್ತಿದ್ದು ಬಾಯಿ ಬಿಡಕ್ಕೆ ನಲವತ್ತು ವರ್ಷ ಬೇಕಾಯ್ತಾ?" ಎಂದು ದಬಾಯಿಸುತ್ತಿದ್ದಳು.

ಈಗ ಹಾಳೆ ಬದಲಾಗಿದೆ. ಹನ್ನೆರಡು ಜನ ಮೇಲಿನ ಕೋಣೆಗೆ, ಬಲದ ಕೆಳಗೆ ಬಂದಿದ್ದೇವೆ, ಹೆಸರು ಸಮೇತ. ವಯಸ್ಸಾದವರು ಎಂಬ ನಿಮ್ಮ ಮಾತನ್ನೂ ಬಿಟ್ಟಿಲ್ಲ, ಅದು ನಿಜ. ಆದರೆ ಅದೀಗ ಕುಂದಿನ ಕೋಣೆಯಲ್ಲಿದೆ, ಮಂಡಿಯ ಪಕ್ಕ. ಒಳಗಿನ ಕುಂದಾದರೆ ನಾವೇ ಸರಿಮಾಡಬಹುದು ಎಂದು ಇಬ್ತಿಸಾಮ್ ಹೇಳಿದಳು. ಹೊಸಬರಿಗೆ ವಾರಕ್ಕೆರಡು ದಿನ ಕಲಿಸಲು ದೂಜಾ ಚಿಕ್ಕಮ್ಮ ಒಪ್ಪಿದ್ದಾಳೆ, ಮೋಯಿಜನಿಗೆ ಅಚ್ಚಿನ ಕೆಲಸ ಮಾವ ಕಲಿಸುತ್ತಾರೆ, ಒಂಬತ್ತಕ್ಕೇ ಎದ್ದರೆ. ಉಣ್ಣೆಯ ಚೀಲಗಳನ್ನು ಭಾನುವಾರವೇ ಬಿಚ್ಚಿದರು. ನಿಮ್ಮ ಮಾಲು ಹಬ್ಬಕ್ಕೆ ಹತ್ತು ದಿನ ಮೊದಲು ಅಲ್ಲಿರುತ್ತದೆ. ಆ ಸಾಲಿಗಾಗಿ ನಿಮ್ಮ ಮೇಲೆ ಸಿಟ್ಟಿತ್ತು, ಈಗ ಅಷ್ಟಿಲ್ಲ. ಹದಿನಾರು ತಿಂಗಳು ಅಲ್ಲೇ ಇದ್ದು ಇಲ್ಲಿಯದನ್ನು ನೋಡಿದರೆ ಹಾಗೇ ಕಾಣುತ್ತದೇನೋ.

ಮಾವ ಆಶೀರ್ವಾದ ಹೇಳಿದ್ದಾರೆ, ಮೋಯಿಜ್ ನೆನೆದಿದ್ದಾನೆ, ಎಮ್ನಾ ಮುತ್ತು ಕಳಿಸಿದ್ದಾಳೆ. ಹಲ್ಲು ಕೀಳಿಸಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ಮನ್ನೂಬಿಯಾ

ವಿ.ಸೂ.: ಚಾಲಕ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಾಳೆಯ ತೀರ ಕೆಳಗೆ ಇನ್ನೊಂದು ಗೆರೆಯಿದೆ: ಯಜಮಾನರ ನಂತರ ಮಳಿಗೆ ನಡೆಸುವವರ ಹೆಸರು, ಊರಲ್ಲೇ ವಾಸವಿರುವವರದು. ಮಾವ ನಿಮ್ಮ ಹೆಸರು ಹೇಳಲು ಬಾಯಿ ತೆರೆದರು, ಮುಚ್ಚಿದರು, ಮೋಯಿಜನ ಕಡೆ ನೋಡಿದರು, ಕೊನೆಗೆ ನನಗೆ "ನಿನ್ನ ಹೆಸರು ಬರಿಯಮ್ಮ" ಎಂದರು. ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ. ಸೋಮವಾರ ಹತ್ತು ಗಂಟೆಗೆ ಇಬ್ತಿಸಾಮ್ ಹಾಳೆ ಒಯ್ಯಲು ಬರುತ್ತಾಳೆ, ಅದಕ್ಕೆ ಮೊದಲು ಅದರ ಮೇಲೆ ಇಂಕು ಎಳೆಯುತ್ತೇನೆ. ಅಳಿಸಬೇಕೆಂದಿದ್ದರೆ ನೀವೇ ಬಂದು ಅಳಿಸಿ, ನನಗೆ ಸಂತೋಷವೇ. ಫೋನಿನಲ್ಲಿ ಹೇಳಿದರೆ ಅಳಿಸುವುದಿಲ್ಲ.