ನೀನು ಹಾಕಿಕೊಟ್ಟ ಲಿನಕ್ಸು

ಪೋರ್ಟ್ ಪಿರಿ
ಮೇ ೧೪, ಮಂಗಳವಾರ

ಮಗಳೇ ಲಿಯಾನ್,

ಅಮ್ಮನ ಮುದ್ದು. ಅದರ ಜೊತೆಗೆ ಒಂದಿಷ್ಟು ಅನುಮಾನವನ್ನೂ ಕಳಿಸುತ್ತಿದ್ದೇನೆ.

ಈಸ್ಟರ್‌ಗೆ ಬಂದವಳು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದಬದ್ದದ್ದನ್ನೆಲ್ಲ ತೆಗೆದು, ಲಿನಕ್ಸು ಅಂತ ಏನನ್ನೋ ತುಂಬಿಸಿ ಹೋದೆ. "ಬಿಟ್ಟಿ ಕಣಮ್ಮಾ, ಜನಾನೇ ಸೇರ್ಕೊಂಡು ಮಾಡಿದ್ದು" ಅಂದೆ. ಬಿಟ್ಟಿ! ನಮ್ಮ ಚರ್ಚಿನ ಸಂತೆಯಲ್ಲಿ ಒಂದು ಲ್ಯಾಮಿಂಗ್ಟನ್ ಕೇಕಿನ ಚೂರೂ ಬಿಟ್ಟಿ ಸಿಗುವುದಿಲ್ಲ. ಆ ಕಪ್ಪು ಪರದೆ ಪಾಸ್‌ವರ್ಡ್ ಕೇಳುತ್ತದೆ, ಬೆರಳು ನೋಯುವಷ್ಟು ಒತ್ತಿದರೂ ಒಂದು ಚುಕ್ಕೆ ಮೂಡುವುದಿಲ್ಲ. ಒತ್ತಿದ್ದೆಲ್ಲ ಎಲ್ಲಿಗೆ ಹೋಗುತ್ತದೆ? ನಿನ್ನಣ್ಣ ಡ್ಯಾರಿಲ್‌ನ ಮನೆಗೇ ಅಂದುಕೊಂಡೆ. ನೀನೂ ಅವನ ಕಡೆಯೇ ಅಂದುಕೊಂಡೆ. ಕ್ಯಾಮೆರಾದ ಮೇಲೆ ಗಾಯದ ಪಟ್ಟಿ ಅಂಟಿಸಿದ್ದೇನೆ.

ಸುಮ್ಮನೆ ಅನುಮಾನ ಪಡುತ್ತೇನೆಯೇ? ಹೋದ ವರ್ಷ ಆ ಫೋನಿನ ಕಳ್ಳ ನನಗೆ ಟೋಪಿ ಹಾಕಿದಾಗಿನಿಂದ ಡ್ಯಾರಿಲ್‌ದು ಒಂದೇ ರಾಗ. "ಇನ್ನೊಂದ್ಸಲ ಮೋಸ ಹೋಗಮ್ಮಾ, ಮನೆ ಮಾರಿ ನಿನ್ನ ವೃದ್ಧಾಶ್ರಮಕ್ಕೆ ಸೇರಿಸ್ತೀನಿ." ಈ ಮನೆ ಬಿಟ್ಟು ನಾನು ಬದುಕುವುದಿಲ್ಲ ಅಂತ ಅವನಿಗೂ ಗೊತ್ತು.

ಶನಿವಾರ ಮತ್ತೆ ಫೋನು ಬಂತು. ಕೈಯೆಲ್ಲ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕೆಳಗೆ ನಮ್ಮ ನಾಯಿ ಡಿಗರ್ ಬಾಲ ಬಡಿಯುತ್ತ ಮಲಗಿದ್ದ. ಮೂಗಿನಲ್ಲಿ ಮಾತಾಡುವ ಯಾರೋ ಒಬ್ಬ. "ಕಂಪ್ಯೂಟರ್ ಕಂಪನಿಯಿಂದ ಮೇಡಂ, ನಿಮ್ಮ ಮಷೀನಿಗೆ ವೈರಸ್ ಹೊಕ್ಕಿದೆ. ಕಿಟಕಿ ಚಿತ್ರದ ಕೀ ಜೊತೆ ಆರ್ ಒತ್ತಿ. ಏನು ಬಂತು?" ಏನೂ ಬರಲಿಲ್ಲ ಅಂದೆ. ಏನನ್ನೋ ಇಳಿಸಿಕೊಳ್ಳಲು ಹೇಳಿದ. ಇಳಿಯಿತು, ಆದರೆ ಇದು ಬೇರೆ ಥರದ ಕಂಪ್ಯೂಟರಿನದು, ತೆರೆಯುವುದು ನನಗೆ ಗೊತ್ತಿಲ್ಲ ಅಂತ ಲಿನಕ್ಸು ಹಟ ಹಿಡಿಯಿತು. ಅವನಿಗೆ ರೇಗಿಹೋಯಿತು. "ಯಾವ ಸೀಮೆ ಕಂಪ್ಯೂಟರ್ ಮೇಡಂ ಇದು?" "ಬಿಟ್ಟಿದು ಕಣಪ್ಪಾ, ಜನಾನೇ ಸೇರ್ಕೊಂಡು ಮಾಡಿದ್ದು" ಅಂದೆ. ಫಟ್ಟನೆ ಇಟ್ಟುಬಿಟ್ಟ.

ಹೇಗೆ ಆಟ ಆಡಿಸಿದೆ ನೋಡು ಕಳ್ಳನನ್ನು! ಡ್ಯಾರಿಲ್‌ಗೆ ಇದನ್ನು ತಪ್ಪದೆ ಹೇಳು. ಅಮ್ಮ ಇನ್ನು ಯಾರ ಬಲೆಗೂ ಬೀಳುವವಳಲ್ಲ ಅನ್ನು.

ನಿನ್ನ ಅಮ್ಮ,
ಮರ್ಲ್

ಮರೆತಿದ್ದೆ: ಇದು ನಿನ್ನ ಕಿವಿಗೆ ಮಾತ್ರ. ನಾನು ಆಟವೂ ಆಡಿಸಲಿಲ್ಲ, ಗೀಟವೂ ಆಡಿಸಲಿಲ್ಲ. ಅವನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಮಾತು ಕೇಳದೆ ನನ್ನನ್ನು ಉಳಿಸಿದ್ದು ನಿನ್ನ ಲಿನಕ್ಸು. ನಿನ್ನನ್ನು ಅನುಮಾನಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇನ್ನೊಂದು ವಿಷಯ. ಕಣ್ಣು ಹೋದಮೇಲೆ ಡಿಗರ್ ಹೊರಗಿನವರ ದನಿ ಕೇಳಿದರೆ ಗುರ್ ಅನ್ನುತ್ತಾನೆ, ಬಾಲ ಬಡಿಯುವುದು ನಿಮ್ಮಿಬ್ಬರ ದನಿಗೆ ಮಾತ್ರ. ಶನಿವಾರ ಆ ಫೋನಿನ ದನಿಗೂ ಬಡಿದ. ಡ್ಯಾರಿಲ್ ಮೂಗು ಹಿಡಿದು ಮಾತಾಡಿದರೆ ಹೆತ್ತವಳಿಗೆ ಗೊತ್ತಾಗದಿರಬಹುದು, ನಾಯಿಗೆ ಗೊತ್ತಾಗುತ್ತದೆ. ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೇನೆ. ಅವನಿಗಿಷ್ಟವೆಂದು ಕುರಿತೊಡೆ ಬೇಯಿಸುತ್ತೇನೆ, ಡಿಗರ್‌ನನ್ನು ಅವನ ಪಕ್ಕದಲ್ಲೇ ಕೂರಿಸುತ್ತೇನೆ. ನೀನು ಬಾಯಿ ಬಿಡಬೇಡ. ಅಮ್ಮ ಬೇಕಂತಲೇ ಆಟ ಆಡಿಸಿದಳು ಅಂತಲೇ ಅವನು ಅಂದುಕೊಂಡಿರಲಿ.