ಕಾಯಿಸದ ಹಾಲು

ಹಸಿಹಾಲಿನ ಪಂಡಿತರೇ,

ಮೊನ್ನೆ ಹೊಟ್ಟೆಯ ಬಲಭಾಗ ಹಿಂಡಿದಂತೆ ನೋಯಿತು. ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿದರು. ತೆರೆದು ನೋಡಿದರೆ ಅದು ಚೆನ್ನಾಗಿಯೇ ಇತ್ತು. ಅದರ ವೇಷ ಹಾಕಿಕೊಂಡು ಬಂದದ್ದು ಅಪರೂಪದ ಒಂದು ಬ್ಯಾಕ್ಟೀರಿಯಾ. ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದಂತೆ.

"ಹಾಲು ಕಾಯಿಸಲ್ವೇನಮ್ಮಾ?" ಎಂದರು ಡಾಕ್ಟರು.

"ಇಲ್ಲ. ಕಾಯಿಸಿದ್ರೆ ಸತ್ವ ಹೋಗುತ್ತೆ ಅಂತಾರೆ ನಮ್ಮ ಯಜಮಾನ್ರು."

"ಇಷ್ಟು ಓದಿದೀರಿ, ಅವರು ಹೇಳಿದ್ದಕ್ಕೆಲ್ಲ ಹೂಂ ಅಂತೀರಾ?"

ನೀವು ಇನ್ನೊಬ್ಬಳ ಮನೆ ಸೇರಿ ವರ್ಷಗಳಾದರೂ ನಾನು ಹಾಲು ಕಾಯಿಸಿಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ.

"ಅವರೂ ಅದೇ ಹಾಲು ಕುಡೀತಾರಲ್ಲ, ಕರ್ಕೊಂಡು ಬನ್ನಿ. ಒಂದ್ಸಲ ಪರೀಕ್ಷೆ ಮಾಡೋಣ."

ನಗಲು ಹೋದೆ, ಹೊಲಿಗೆ ಎಳೆಯಿತು.

"ಬೇಡ ಡಾಕ್ಟ್ರೇ. ಅವರಿಗೇನೂ ಆಗಲ್ಲ."